ಆಲ್ಟರೇಷನ್ ಅಕ್ಕ, ರಿಪೇರಿ ನಾನು

ನಮ್ಮ ಅಂಗಡಿಯ ಬೋರ್ಡಿನಲ್ಲಿ ಇರುವುದು ಎರಡೇ ಪದ, ಎರಡೂ ಇಂಗ್ಲಿಷಿನವು. ಒಂದು ಕಡೆ ಆಲ್ಟರೇಷನ್, ಇನ್ನೊಂದು ಕಡೆ ರಿಪೇರಿ. ನಡುವೆ ‘ಮತ್ತು’ ಅನ್ನುವುದಕ್ಕೆ ಇಂಗ್ಲಿಷಿನವರು ಹಾಕುವ ಆ ಸುರುಳಿ ಗುರುತು. ಬೋರ್ಡು ಬರೆದವನಿಗೆ ಆವತ್ತು ಬಣ್ಣ ಹೆಚ್ಚಾಗಿತ್ತೋ ಏನೋ, ಸುರುಳಿಯನ್ನು ಎರಡು ಪದಗಳಿಗಿಂತಲೂ ದಪ್ಪಗೆ ಎಳೆದುಬಿಟ್ಟಿದ್ದಾನೆ. ದೂರದಿಂದ ನೋಡಿದರೆ ಯಾರೋ ಕಾಲು ಮಡಚಿಕೊಂಡು ಕೂತ ಹಾಗೆ ಕಾಣುತ್ತದೆ. ಆಲ್ಟರೇಷನ್ ಅಂದರೆ ಅಕ್ಕ, ರಿಪೇರಿ ಅಂದರೆ ನಾನು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ. ಅಣ್ಣನನ್ನು ಅವಳು ಕಟ್ಟಿಕೊಂಡಳು, ತಮ್ಮನನ್ನು ನಾನು. ಇಬ್ಬರ ನಡುವೆ ಕಾಲು ಮಡಚಿಕೊಂಡು ಕೂರುವವರು ನಮ್ಮ ಅತ್ತೆ. ಅಂಗಡಿ ಅವರದ್ದು, ಕಸುಬು ಅವರು ಕಲಿಸಿದ್ದು.

ಎರಡು ಪದಕ್ಕೂ ಏನು ವ್ಯತ್ಯಾಸ ಅಂತ ಯಾರಾದರೂ ಕೇಳಿದರೆ ಅತ್ತೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತಾರೆ: “ಬಟ್ಟೆ ಕೆಟ್ಟಿದ್ರೆ ರಿಪೇರಿ, ಮೈ ಬದಲಾಗಿದ್ರೆ ಆಲ್ಟರೇಷನ್.” ಜಿಪ್ ಕಿತ್ತುಹೋಗಿದೆ, ಮೊಣಕಾಲು ಹರಿದಿದೆ, ಜೇಬಿಗೆ ತೂತು ಬಿದ್ದಿದೆ, ಇಸ್ತ್ರಿ ಪೆಟ್ಟಿಗೆ ತಾಗಿ ಸುಟ್ಟಿದೆ ಅಂದರೆ ನನ್ನ ಪಾಲು. ಸೊಂಟ ಬಂದಿದೆ, ಸೊಂಟ ಹೋಗಿದೆ, ಮಗು ಉದ್ದವಾಗಿದೆ, ಅಣ್ಣನ ಪ್ಯಾಂಟು ತಮ್ಮನಿಗೆ ಆಗಬೇಕು ಅಂದರೆ ಅಕ್ಕನ ಪಾಲು. ಗಿರಾಕಿ ಗಂಟು ಬಿಚ್ಚಿದ ತಕ್ಷಣ ಅತ್ತೆ ಬಟ್ಟೆಯನ್ನು ಕೈಗೆ ತಗೊಂಡು, ಒಳಗನ್ನು ಹೊರಗು ಮಾಡಿ, ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ, ಯಾರ ಪಾಲೋ ಅವರ ಮಡಿಲಿಗೆ ಎಸೆಯುತ್ತಾರೆ. ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ.

ಇನ್ನು ಕೆಲವು ಬಟ್ಟೆಗಳಿರುತ್ತವೆ, ಎಡಬಿಡಂಗಿಗಳು. ಬೇಕರಿಯವನ ಪ್ಯಾಂಟು ಹಿಂದುಗಡೆ ಹರಿದಿದೆ. ಬಟ್ಟೆ ಹರಿದದ್ದು ನೋಡಿ ರಿಪೇರಿ ಅನ್ನೋಣವೋ, ಅವನ ಹಿಂಭಾಗ ಬೆಳೆದದ್ದು ನೋಡಿ ಆಲ್ಟರೇಷನ್ ಅನ್ನೋಣವೋ? ಮೊಣಕಾಲು ಹರಿದ ಪ್ಯಾಂಟನ್ನು ಮೇಲಕ್ಕೆ ಕತ್ತರಿಸಿ ಚಡ್ಡಿ ಮಾಡಿದರೆ ಅದು ಯಾವುದು? ಅಂಥವನ್ನು ಅತ್ತೆ ಯಾರ ಮಡಿಲಿಗೂ ಎಸೆಯುವುದಿಲ್ಲ. ಅವರ ಬೆನ್ನ ಹಿಂದೆ ಗೋಡೆಯಲ್ಲಿ ಒಂದು ಮೊಳೆ ಇದೆ, ಅದಕ್ಕೆ ತಗುಲಿಹಾಕುತ್ತಾರೆ. ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಹೋದಾಗ ತಾವೇ ಕೂತು ಮುಗಿಸುತ್ತಾರೆ. ಮೊಳೆಯ ಬಟ್ಟೆ ಮುಟ್ಟಬಾರದು ಅನ್ನುವುದು ಈ ಅಂಗಡಿಗೆ ಕಾಲಿಟ್ಟ ದಿನವೇ ನಮ್ಮ ಕಿವಿಗೆ ಬಿದ್ದ ಮೊದಲ ಮಾತು.

ಹೀಗೆ ನೆಮ್ಮದಿಯಾಗಿ ನಡೆದುಕೊಂಡು ಹೋಗುತ್ತಿದ್ದದ್ದು ಒಂದು ಪುಟಾಣಿ ಮಾತಿನಿಂದ ಕೆಟ್ಟಿತು. ಸಂಗೀತದ ಟೀಚರು ಒಬ್ಬರು ಒಳಗಿನ ಲೈನಿಂಗ್ ಹರಿದ ಕೋಟನ್ನು ತಂದು ಸೀದಾ ಅಕ್ಕನ ಮುಂದೆ ಹಿಡಿದರು. ಅಕ್ಕ ಮದುಮಗಳೊಬ್ಬಳ ಗೌನಿಗೆ ಸುತ್ತಲೂ ಪಿನ್ನು ಚುಚ್ಚುತ್ತಿದ್ದಳು. ತಲೆ ಕೂಡ ಎತ್ತದೆ, “ಅದು ಬರೀ ರಿಪೇರಿ, ನನ್ನ ತಂಗಿ ಹತ್ರ ಕೊಡಿ” ಅಂದಳು.

ಬರೀ! ಇಲಿ ಕಡಿದ ಕೋಟಿಗೆ ಅದೇ ಕೋಟಿನ ಒಳಗಿಂದ ಎಳೆ ಬಿಡಿಸಿ ರಫೂ ಮಾಡಿದೆನೆಂದರೆ, ಆ ಇಲಿಯೇ ಬಂದು ಹುಡುಕಿದರೂ ತಾನು ಕಡಿದ ಜಾಗ ಸಿಗಬಾರದು, ಅಂಥ ಕೈ ನನ್ನದು. ಟೀಚರು ಹೋಗುವ ತನಕ ಹಲ್ಲು ಕಚ್ಚಿಕೊಂಡಿದ್ದು, ಆಮೇಲೆ ಶುರು ಮಾಡಿದೆ.

“ಆಲ್ಟರೇಷನ್ ಅಂದ್ರೆ ಏನು ಮಹಾ? ಗಿರಾಕಿ ತಿಂದಿದ್ದಕ್ಕೆಲ್ಲ ನೀನು ಟೇಪು ಹಿಡ್ಕೊಂಡು ಲೆಕ್ಕ ಇಡೋದು, ಅಷ್ಟೇ ತಾನೆ?”

ಅಕ್ಕ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ಅವಳು ಪಿನ್ನು ತೆಗೆದಳೆಂದರೆ ಮಾತು ಉದ್ದ ಇದೆ ಅಂತ ಅರ್ಥ.

“ನಿನ್ನ ಗಿರಾಕಿಗಳು ಗಂಟು ಕೊಟ್ಟು ಹೋಗ್ತಾರೆ. ನನ್ನ ಗಿರಾಕಿಗಳು ಮೈ ತಂದು ನಿಲ್ಲಿಸ್ಬೇಕು. ಎಲ್ಲಿ ನಿಲ್ಲಿಸ್ಲಿ? ಆ ಪರದೆ ಹಿಂದೆ ತಿರುಗಿದ್ರೆ ಮೊಣಕೈ ಗೋಡೆಗೆ ಹೊಡೆಯತ್ತೆ. ಕನ್ನಡೀಲಿ ಒಬ್ಬರಿಗೂ ತಲೆ ಇಲ್ಲ.”

ಕನ್ನಡಿಯ ವಿಷಯ ಸುಳ್ಳಲ್ಲ. ಅದರ ಮೇಲ್ಭಾಗದಲ್ಲಿ ಅಡ್ಡಡ್ಡ ಒಂದು ಸೀಳು, ಸೀಳಿನಿಂದ ಮೇಲೆ ಗಾಜು ಮಬ್ಬಾಗಿ ಏನೂ ಕಾಣಿಸುವುದಿಲ್ಲ. ಎತ್ತರದವರಿಗೆ ತಮ್ಮದೇ ಕತ್ತಿನ ತನಕ ಮಾತ್ರ ದರ್ಶನ. ಅತ್ತೆಗೆ ಸೀಳು ಸರಿಯಾಗಿ ಹುಬ್ಬಿನ ಮೇಲೆ ಬರುತ್ತಿತ್ತು. ಬೆಳಗ್ಗೆ ಅಂಗಡಿ ತೆಗೆದು ತಲೆ ಬಾಚಿಕೊಳ್ಳುವಾಗ ಮೊಣಕಾಲು ಬಗ್ಗಿಸಿ ನೋಡಿಕೊಳ್ಳುತ್ತಾ ಆ ಕನ್ನಡಿಗೆ ದಿನಾ ಬೈಯುತ್ತಿದ್ದರು.

ಮಾತಿಗೆ ಮಾತು ಬೆಳೆಯಿತು. ರಸ್ತೆಯ ಎದುರುಗಡೆ ಒಂದು ಹೊಸ ಮಳಿಗೆ ಖಾಲಿ ಇತ್ತು. ಮುಂಭಾಗಕ್ಕೆಲ್ಲ ಗಾಜು, ಒಳಗೆ ಬಾಗಿಲಿರುವ ಟ್ರಯಲ್ ರೂಮು, ನೆಲದಿಂದ ಚಾವಣಿ ತನಕ ಕನ್ನಡಿ. ಅಕ್ಕ ಹೋಗಿ ನೋಡಿಕೊಂಡು ಬಂದಳು. “ಶನಿವಾರ ಅವರಿಗೆ ಮಾತು ಕೊಡ್ತೀನಿ. ಆಲ್ಟರೇಷನ್ ಅಲ್ಲಿ, ರಿಪೇರಿ ಇಲ್ಲಿ,” ಅಂದಳು. ಬೋರ್ಡನ್ನು ನಡುವೆ ಕೊಯ್ದು ಅರ್ಧ ಕೊಡಲು ಬಡಗಿಗೂ ಶನಿವಾರವೇ ಬರಲು ಹೇಳಿದಳು. ನಮ್ಮ ಗಂಡಂದಿರು ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುವ ಬುದ್ಧಿವಂತರು. ವಿಷಯ ಕಿವಿಗೆ ಬಿದ್ದದ್ದೇ ತಡ, ಇಬ್ಬರೂ ಓವರ್‌ಟೈಮ್ ಕೇಳಿ ಹಾಕಿಸಿಕೊಂಡರು. ಅತ್ತೆಯಂತೂ ತಮ್ಮ ಪಾಡಿಗೆ ಬಟ್ಟೆ ಎಸೆಯುತ್ತಲೇ ಇದ್ದರು.

ನನಗೆ ಅವಳು ಹೋಗುವುದು ಸುತರಾಂ ಬೇಕಿರಲಿಲ್ಲ. ಸೊಸೆಯಾಗಿ ಬಂದ ಹೊಸದರಲ್ಲಿ ಮಿಷನ್ನಿನ ಸೂಜಿ ನನ್ನ ಬೆರಳಿಗೆ ಹೊಕ್ಕಾಗ ಚಕ್ರ ಹಿಂದಕ್ಕೆ ತಿರುಗಿಸಿ ಬಿಡಿಸಿದವಳು ಅವಳು. ಅವಳ ಮಿಷನ್ನಿನ ಸದ್ದಿಗೆ ನನ್ನ ಕಾಲು ಎಷ್ಟು ಹೊಂದಿಕೊಂಡಿದೆ ಅಂದರೆ, ಅದು ನಿಂತರೆ ನನ್ನದೂ ತಾನಾಗಿ ನಿಲ್ಲುತ್ತದೆ. ಹೋಗಬೇಡ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಆದರೆ ನನ್ನ ಸಿಟ್ಟಿನ ಮನೆ ಮೂಗಿನ ತುದಿಯಲ್ಲಿದೆ. ಅಂದವಳು ಮೊದಲು ಬರಲಿ ಅಂತ ಮುಖ ಊದಿಸಿಕೊಂಡು ಕೂತೆ.

ಬೇರೆಯಾಗುವುದು ಅಂದ ಮೇಲೆ ಒಬ್ಬರ ಕೆಲಸ ಇನ್ನೊಬ್ಬರು ಕಸಿಯಬಾರದಲ್ಲ. ಹಾಗಾಗಿ ಯಾವುದು ಆಲ್ಟರೇಷನ್, ಯಾವುದು ರಿಪೇರಿ ಅಂತ ಗೆರೆ ಕೊರೆದ ಹಾಗೆ ತೀರ್ಮಾನ ಆಗಬೇಕಾಯಿತು. ಗುಂಡಿ ಬಿದ್ದಿದ್ದರೆ ನನಗೆ, ಹೊಟ್ಟೆ ಬಂದು ಗುಂಡಿಯನ್ನು ಆಚೆ ಸರಿಸಬೇಕಿದ್ದರೆ ಅವಳಿಗೆ. ಕಾಲರು ಸವೆದಿದ್ದರೆ ನನಗೆ. ಸವೆದ ಕಾಲರನ್ನು ಕಿತ್ತು ಹಾಕಿ ಕಾಲರೇ ಇಲ್ಲದ ಅಂಗಿ ಮಾಡಿಕೊಡಿ ಅಂದರೆ? ಅಲ್ಲಿ ಅರ್ಧ ದಿನ ಹೋಯಿತು. ಇಷ್ಟನ್ನೂ ನಾವು ಒಬ್ಬರಿಗೊಬ್ಬರು ಹೇಳಲಿಲ್ಲ, ಮಾತು ಬಿಟ್ಟಿದ್ದೆವು. ಅವಳು ಗೋಡೆಗೆ ಹೇಳುತ್ತಿದ್ದಳು, ನಾನು ಇಸ್ತ್ರಿ ಪೆಟ್ಟಿಗೆಗೆ ಹೇಳುತ್ತಿದ್ದೆ.

ಅದೇ ಹೊತ್ತಿಗೆ ವಕೀಲರು ತಮ್ಮ ಕರೀ ಕೋಟು ತಂದರು. ವಾದ ಮಾಡುತ್ತಾ ಕೈ ಎತ್ತಿದಾಗ ಕಂಕುಳಲ್ಲಿ ಹರಿದಿತ್ತು.

“ಹರಿದಿದೆ, ರಿಪೇರಿ,” ಅಂದಳು ಅಕ್ಕ ಗೋಡೆಗೆ.

“ಹರಿದಿದ್ದು ದಪ್ಪ ಆಗಿದ್ದಕ್ಕೆ. ಬಿಡಿಸಿ ಅಗಲ ಮಾಡ್ದೆ ಹಾಗೇ ಹೊಲಿದ್ರೆ ನಾಳೆ ಮತ್ತೆ ಹರಿಯತ್ತೆ. ಆಲ್ಟರೇಷನ್,” ಅಂದೆ ನಾನು ಇಸ್ತ್ರಿ ಪೆಟ್ಟಿಗೆಗೆ.

ವಕೀಲರಿಗೆ ವ್ಯಾಜ್ಯ ಅಂದರೆ ಪ್ರಾಣ. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. “ನೋಡಿ, ಇಂಗ್ಲಿಷಿನಲ್ಲಿ ಎರಡಕ್ಕೂ ವ್ಯತ್ಯಾಸ ಸ್ಪಷ್ಟವಾಗಿದೆ. ಮೊದಲು ಹೇಗಿತ್ತೋ ಹಾಗೆ ಮಾಡೋದು ರಿಪೇರಿ. ಮೊದಲಿನ ಹಾಗಿಲ್ಲದ ಹಾಗೆ ಮಾಡೋದು ಆಲ್ಟರೇಷನ್. ಕೆಲವು ಸಲ ಒಂದರ ಜಾಗಕ್ಕೆ ಇನ್ನೊಂದು ಸ್ವಲ್ಪ ನುಗ್ಗತ್ತೆ, ಅದು ಬೇರೆ ವಿಷಯ.”

“ನಿಮಗೆ ಯಾವುದು ಬೇಕು?” ಅಂತ ಅಕ್ಕ ಕೇಳಿದಳು.

“ನನಗೆ ಮೊದಲಿನ ಹಾಗೇ ಆಗ್ಬೇಕು.”

“ಹಾಗಾದ್ರೆ ಕೋಟು ಇಟ್ಕೊಳ್ಳಿ, ನಿಮ್ಮನ್ನ ಬಿಟ್ಟುಹೋಗಿ. ರಿಪೇರಿ ಆಗ್ಬೇಕಿರೋದು ನೀವು,” ಅಂದೆ.

ವಕೀಲರು ಹೊಟ್ಟೆಯನ್ನು ಒಳಗೆ ಎಳೆದುಕೊಂಡರು. ಅಕ್ಕನಿಗೆ ನಗು ಬಂತು, ನನಗೆ ಗೊತ್ತು. ಗೋಡೆಯ ಕಡೆ ತಿರುಗಿ ಕೆಮ್ಮಿದಳು. ಅತ್ತೆ ಕೋಟನ್ನು ತಗೊಂಡು ಹಿಂದಿನ ಮೊಳೆಗೆ ಹಾಕಿ, “ಶುಕ್ರವಾರ ಬನ್ನಿ” ಅಂದರು.

ಆ ವಾರ ಚಳಿ ಜೋರಾಯಿತು. ಅತ್ತೆಗೆ ಬೂದು ಬಣ್ಣದ ಒಂದು ಕೋಟಿದೆ, ತಾವೇ ಹೊಲಿದುಕೊಂಡದ್ದು. ಚಳಿಗಾಲ ಅಂದರೆ ಅತ್ತೆ ಆ ಕೋಟಿನೊಳಗೆ ಇರುತ್ತಾರೆ ಅಂತಲೇ ಲೆಕ್ಕ. ಈ ಸಲ ಮಾತ್ರ ಮನೆಯಿಂದ ಒಂದು ಹಳೇ ಕಂಬಳಿ ತಂದು ಹೊದ್ದುಕೊಂಡು ಕೂತರು.

“ಕೋಟೆಲ್ಲಿ ಅತ್ತೆ?” ಅಂತ ಕೇಳಿದೆ.

ಅವರು ಗಲ್ಲದಿಂದ ಹಿಂದಕ್ಕೆ ತೋರಿಸಿದರು. ಮೊಳೆಯ ಮೇಲೆ, ವಕೀಲರ ಕೋಟಿನ ಮೇಲುಗಡೆ, ಬೂದು ಕೋಟು ತೂಗುತ್ತಿತ್ತು. ಮೊಳೆಯಲ್ಲಿದೆ ಅಂದ ಮೇಲೆ ಅವರ ಕೆಲಸ, ಅವರೇ ಮಾಡಿಕೊಳ್ಳುತ್ತಾರೆ ಅಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡಳಂತೆ. ಅತ್ತೆ ದಿನಾ ಕಂಬಳಿಯ ಅಂಚನ್ನು ಗಲ್ಲದ ತನಕ ಎಳೆದುಕೊಂಡು ಬಟ್ಟೆ ಎಸೆಯುತ್ತಿದ್ದರು. ಒಂದೆರಡು ಸಲ ಬಟ್ಟೆ ನನ್ನ ಮಡಿಲಿಗೆ ಬಾರದೆ ಕಾಲ ಹತ್ತಿರ ಬಿತ್ತು. ಕಂಬಳಿ ಅಡ್ಡ ಬಂದಿರಬೇಕು ಅಂದುಕೊಂಡು ಎತ್ತಿಕೊಂಡೆ.

ಶುಕ್ರವಾರ ಸಂಜೆ ವಕೀಲರು ಬಂದರು. ಅತ್ತೆ ಎದ್ದೇಳಲಿಲ್ಲ. ನಾನೇ ಮೊಳೆಯ ಹತ್ತಿರ ಹೋಗಿ ಬೂದು ಕೋಟನ್ನು ಎತ್ತಿದೆ. ಹೆಬ್ಬೆರಳಿಗೆ ಪಿನ್ನು ಚುಚ್ಚಿತು. ಕೆಳಗಿದ್ದ ಕರೀ ಕೋಟನ್ನು ತೆಗೆದು ನೋಡಿದರೆ ಕಂಕುಳು ಹರಿದದ್ದು ಹರಿದ ಹಾಗೇ ಇತ್ತು, ಒಂದು ಹೊಲಿಗೆಯೂ ಬಿದ್ದಿರಲಿಲ್ಲ. ಮೊಳೆಗೆ ಹೋದ ಬಟ್ಟೆ ಹಾಗೇ ಉಳಿದದ್ದು ಈ ಅಂಗಡಿಯಲ್ಲಿ ಅದೇ ಮೊದಲು. ನಾಳೆ ಬನ್ನಿ ಅಂತ ವಕೀಲರನ್ನು ಹೇಗೋ ಸಾಗಹಾಕಿದೆವು.

“ಅತ್ತೆ, ಇದು ಹಾಗೇ ಇದೆಯಲ್ಲ?”

ಅತ್ತೆ ಕಂಬಳಿಯೊಳಗಿಂದ ಬಲಗೈ ಹೊರಗೆ ತೆಗೆದು ಬೆರಳುಗಳನ್ನು ಬಿಡಿಸಿ ತೋರಿಸಿದರು. ಹೆಬ್ಬೆರಳೂ ಪಕ್ಕದ ಬೆರಳೂ ಸಣ್ಣಗೆ ನಡುಗುತ್ತಿದ್ದವು. “ಸೂಜಿ ನಿಲ್ತಿಲ್ಲ ಕಣೇ. ಹಿಡಿದ್ರೆ ಜಾರಿ ಹೋಗತ್ತೆ.”

“ಹೇಳ್ಬಾರ್ದಿತ್ತಾ?” ಅಂದಳು ಅಕ್ಕ. ಅವಳ ಮಿಷನ್ ನಿಂತಿತ್ತು.

“ಯಾರಿಗೆ ಹೇಳ್ಲಿ? ಇದು ಆಲ್ಟರೇಷನ್ನೋ ರಿಪೇರಿಯೋ ನನಗೇ ಗೊತ್ತಾಗ್ಲಿಲ್ಲ,” ಅಂದರು ಅತ್ತೆ. ನಗುತ್ತಲೇ ಅಂದರು. ನಮಗೆ ನಗು ಬರಲಿಲ್ಲ.

ಬೂದು ಕೋಟನ್ನು ಮೇಜಿನ ಮೇಲೆ ಹರಡಿದೆ. ಸೊಂಟದ ಹತ್ತಿರ ಎರಡೂ ಬದಿಗೆ ಪಿನ್ನು. ಕೋಟು ಸಡಿಲವಾಗಿದೆ ಅಂತ ಅತ್ತೆ ಪಿನ್ನು ಹಾಕಿ ಬಿಗಿ ಮಾಡಿಕೊಂಡಿದ್ದರು. ಪಿನ್ನು ಎಳೆದು ಎಳೆದು ಬಟ್ಟೆ ಎರಡೂ ಕಡೆ ಸೀಳಿಕೊಂಡಿತ್ತು. ಅಷ್ಟು ದಿನ ಗೋಡೆಗೂ ಇಸ್ತ್ರಿ ಪೆಟ್ಟಿಗೆಗೂ ಹೇಳಿ ಅಭ್ಯಾಸವಾಗಿದ್ದ ನಮ್ಮಿಬ್ಬರ ನಾಲಿಗೆ ಅಲ್ಲೂ ಸುಮ್ಮನಿರಲಿಲ್ಲ.

“ಹರಿದ ಬಟ್ಟೆ ಮೇಲೆ ನಾನು ಹೊಲಿಗೆ ಹಾಕಲ್ಲ. ಮೊದಲು ನೀನು ರಫೂ ಮಾಡು,” ಅಂದಳು ಅಕ್ಕ. ಈ ಸಲ ನನಗೇ ಅಂದಳು.

“ನೀನು ಸೈಡು ಹಿಡಿದು ಬಿಗಿ ಮಾಡಿದ್ರೆ ಹರಿದಿದ್ದು ಒಳಗೇ ಹೋಗತ್ತಲ್ಲ. ಆಮೇಲೆ ರಫೂ ಯಾಕೆ ಬೇಕು?”

“ಒಳಗೆ ಹೋದ್ರೆ ಹರಿದಿದ್ದು ಹರಿದಿಲ್ಲ ಅಂತಾಗತ್ತಾ?”

“ಜಗಳ ಮುಗಿದ ಮೇಲೆ ಕೂಗಿ,” ಅಂದರು ಅತ್ತೆ ಕಂಬಳಿಯೊಳಗಿಂದ. “ಅಷ್ಟೊತ್ತಿಗೆ ಬೇಸಿಗೆ ಬಂದಿರತ್ತೆ.”

ಇಬ್ಬರಿಗೂ ನಾಚಿಕೆಯಾಯಿತು. ಅಕ್ಕ ಅತ್ತೆಯನ್ನು ಎಬ್ಬಿಸಿ ಕಂಬಳಿ ತೆಗೆದು ಕೋಟು ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದಳು. ಎಲ್ಲ ಗಿರಾಕಿಗಳಿಗೂ ಹೇಳುವ ಹಾಗೆ, “ಹೊಟ್ಟೆ ಎಳ್ಕೋಬೇಡಿ, ಉಸಿರು ಬಿಡಿ” ಅಂದಳು. “ಬಿಟ್ಟೇ ಇದೀನಿ,” ಅಂದರು ಅತ್ತೆ. ಅಕ್ಕ ಬದಿ ಹಿಡಿದು ಪಿನ್ನು ಚುಚ್ಚಿದಳು. ಇನ್ನೂ ಸಡಿಲ ಇತ್ತು. ಮತ್ತೆ ಹಿಡಿದಳು, ಮತ್ತೆ ಚುಚ್ಚಿದಳು. ಬಾಯಲ್ಲಿದ್ದ ಪಿನ್ನುಗಳೆಲ್ಲ ಖಾಲಿಯಾಗಿದ್ದವು, ಆದರೂ ಅವಳು ಮಾತಾಡಲಿಲ್ಲ.

ನಾನು ಕನ್ನಡಿ ನೋಡಿದೆ. ಸೀಳು ಅತ್ತೆಯ ಹುಬ್ಬಿನ ಮೇಲಿರಲಿಲ್ಲ. ಹಣೆ, ಬೈತಲೆ, ನೆತ್ತಿಯ ಬಿಳೀ ಕೂದಲು ಎಲ್ಲವೂ ಸೀಳಿನ ಕೆಳಗೇ ಕಾಣುತ್ತಿದ್ದವು, ನೆತ್ತಿಗೂ ಸೀಳಿಗೂ ನಡುವೆ ಇನ್ನೂ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಬೆಳಗಿನ ಬೈಗುಳ ನಿಂತು ಎಷ್ಟು ಕಾಲವಾಯಿತು ಅಂತ ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅಕ್ಕನೂ ಕನ್ನಡಿಯನ್ನೇ ನೋಡುತ್ತಿದ್ದಳು.

ಕೋಟು ಬಿಚ್ಚಿಸಿ ಲೈನಿಂಗ್ ಬಿಡಿಸಿದರೆ ಒಳಗೆ ಸಾಲು ಸಾಲು ಕೈಹೊಲಿಗೆ. ಮೊದಲನೆಯ ಸಾಲು ಅತ್ತೆಯದೇ ಹೊಲಿಗೆ, ಎಳ್ಳುಕಾಳಿನಷ್ಟು ಸಣ್ಣದು, ನೇರ. ಅದರ ಪಕ್ಕ ಇನ್ನೊಂದು, ಸ್ವಲ್ಪ ದೊಡ್ಡದು. ಅದರ ಪಕ್ಕದ್ದು ಸೊಟ್ಟ. ಕೊನೆಯದು ಅಲ್ಲೊಂದು ಇಲ್ಲೊಂದು ಬಿದ್ದು, ಅರ್ಧಕ್ಕೇ ನಿಂತು, ದಾರ ಜೋತಾಡುತ್ತಿತ್ತು. ಮೈ ಕರಗಿದ ಹಾಗೆಲ್ಲ ಅತ್ತೆ ಗುಟ್ಟಾಗಿ ತಮ್ಮ ಕೋಟನ್ನು ತಾವೇ ಒಳಕ್ಕೆ ಹಿಡಿದು ಹೊಲಿದುಕೊಳ್ಳುತ್ತಾ ಬಂದಿದ್ದರು. ಕೈ ನಡೆಯದ ದಿನ ಪಿನ್ನಿಗೆ ಬಂದಿದ್ದರು, ಪಿನ್ನು ಹರಿದ ದಿನ ಮೊಳೆಗೆ. ಅಕ್ಕ ಮೈ ನೋಡುವವಳು, ನಾನು ಬಟ್ಟೆ ನೋಡುವವಳು. ದಿನಾ ನಡುವೆ ಕೂತವರನ್ನು ಇಬ್ಬರೂ ನೋಡಿರಲಿಲ್ಲ.

ಆಮೇಲೆ ಯಾರೂ ಯಾವ ಪದವನ್ನೂ ಎತ್ತಲಿಲ್ಲ. ನಾನು ಸೀಳಿಗೆ ರಫೂ ಹಾಕಿದೆ, ಒಳಗೆ ಹೋಗುವುದಾದರೂ ಹಾಕಿದೆ. ಅಕ್ಕ ಬದಿ ಹಿಡಿದು ಮಿಷನ್ನಿಗೆ ಕೊಟ್ಟಳು. ಹಳೇ ಮಡಿಕೆ, ಹೊಸ ಮಡಿಕೆ ಸೇರಿ ಒಳಗೆ ದಪ್ಪಗಾಗಿತ್ತು. ಮೈಗೆ ಒತ್ತುತ್ತದೆ, ಹೆಚ್ಚಿನ ಬಟ್ಟೆ ತೆಗೆದುಬಿಡೋಣ ಅಂತ ನಾನು ಕತ್ತರಿ ಹಿಡಿದೆ. ಅಕ್ಕ ನನ್ನ ಕೈ ಹಿಡಿದಳು.

“ಕತ್ತರಿಸ್ಬೇಡ. ಒಳಗಿರ್ಲಿ. ಮುಂದೆ ಬಿಡಿಸೋಕೆ ಬೇಕಾಗತ್ತೆ. ಅತ್ತೆ ಮತ್ತೆ ದಪ್ಪ ಆಗ್ತಾರೆ.”

ಗಿರಾಕಿಗಳಿಗೆ ಅವಳು ದಿನಾ ಹೇಳುವ ಮಾತು ಅದು. ಬೇಕರಿಯವನ ವಿಷಯದಲ್ಲಿ ನಿಜವೂ ಆಗಿದೆ. ನಾನ್ಯಾವತ್ತೂ ಅದನ್ನು ಅಷ್ಟು ಜೋರಾಗಿ ನಂಬಲು ಬಯಸಿರಲಿಲ್ಲ.

“ಬಿಡಿಸೋರು ಯಾರು ದೊಡ್ಡವಳೇ?” ಅಂದರು ಅತ್ತೆ. “ನೀನು ಎದುರುಗಡೆ ಇರ್ತೀಯಲ್ಲ. ನನಗೆ ರಸ್ತೆ ದಾಟೋಕೆ ಭಯ ಆಗತ್ತೆ.”

ಅಕ್ಕ ಮಿಷನ್ನಿನ ಮೇಲೆ ಬಗ್ಗಿದಳು. ಪೆಡಲು ತುಳಿದಳು. ಕೋಟು ಮುಗಿಯುವ ತನಕ ತಲೆ ಎತ್ತಲಿಲ್ಲ. ಅದು ಮುಗಿದ ಮೇಲೆ ವಕೀಲರ ಕೋಟನ್ನು ಎಳೆದುಕೊಂಡು, ಕಂಕುಳು ಬಿಚ್ಚಿ, ಹರಿದ ಕಡೆಯನ್ನು ನನ್ನ ಕಡೆಗೆ ತಳ್ಳಿದಳು.

ಶನಿವಾರ ಬೆಳಗ್ಗೆ ಬಡಗಿ ಗರಗಸ ಹಿಡಿದುಕೊಂಡು ಬಂದ. ಏಣಿ ಹತ್ತಿ, ಬೋರ್ಡಿನ ಮೇಲೆ ಗೇಣು ಹಾಕಿ ನೋಡಿ, ಮೇಲಿಂದಲೇ ಕೂಗಿದ. “ಅಮ್ಮಾ, ನಡುವೆ ಒಂದು ಸುರುಳಿ ಇದೆಯಲ್ಲ, ಇದು ಯಾರ ಪಾಲಿಗೆ?”

ನಾನು ಜಿಪ್ ಕೀಳುತ್ತಿದ್ದೆ, ಕೈ ನಿಂತಿತು. ಅತ್ತೆ ಮೈಗೆ ಒಪ್ಪುವ ಬೂದು ಕೋಟು ತೊಟ್ಟು, ಜೇಬಿಗೆ ಕೈ ಹಾಕಿಕೊಂಡು, ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಅಕ್ಕ ಹೊರಗೆ ಹೋದಳು.

“ಇಳಿ ಕೆಳಗೆ. ಬೋರ್ಡಿನ ತಂಟೆಗೆ ಹೋಗ್ಬೇಡ. ಒಳಗೆ ಬಂದು ಕನ್ನಡಿ ಅಳತೆ ತಗೋ, ಹೊಸದು ಹಾಕ್ಬೇಕು. ಆ ಪರದೆ ಜಾಗಕ್ಕೆ ಒಂದು ಬಾಗಿಲೂ ಬೇಕು.”

“ಎದುರುಗಡೆಯೋರಿಗೆ ಮಾತು ಕೊಡ್ತೀನಿ ಅಂದಿದ್ದೆಯಲ್ಲ?” ಅಂದೆ. ಕೇಳದಿದ್ದರೆ ನಾನು ನಾನೇ ಅಲ್ಲ.

“ಅದು ಪೂರ್ತಿ ಗಾಜು. ಪಿನ್ನು ಬಾಯಲ್ಲಿಟ್ಕೊಂಡ್ರೆ ನಾನು ಹೇಗೆ ಕಾಣ್ತೀನೋ, ದಾರೀಲಿ ಹೋಗೋರೆಲ್ಲ ನೋಡ್ಬೇಕಾ?” ಅಂತ ಹೇಳಿ ಮಿಷನ್ನಿಗೆ ಕೂತಳು.

ಸ್ವಲ್ಪ ಹೊತ್ತಿಗೆ ಸಂಗೀತದ ಟೀಚರು ಬಂದರು. ಅದೇ ಕೋಟು, ಈ ಸಲ ತೋಳಿನ ಲೈನಿಂಗು. ಮರೆವಿನ ಹೆಂಗಸು, ಮತ್ತೆ ಸೀದಾ ಅಕ್ಕನ ಮುಂದೆಯೇ ಹಿಡಿದರು. ನಾನು ಸೂಜಿಗೆ ದಾರ ಪೋಣಿಸುತ್ತಾ ಕಿವಿ ನೆಟ್ಟಗೆ ಮಾಡಿಕೊಂಡೆ.

ಅಕ್ಕ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ಎಲ್ಲವನ್ನೂ ತೆಗೆದಳು.

“ಅದು ರಿಪೇರಿ,” ಅಂದಳು. “ನನ್ನ ತಂಗಿ ಹತ್ರ ಕೊಡಿ.”

ನಾನು ಕಾಯುತ್ತಿದ್ದ ಆ ಪುಟಾಣಿ ಮಾತು ಬರಲೇ ಇಲ್ಲ. ಟೀಚರು ಕೋಟನ್ನು ನನ್ನ ಮಡಿಲಲ್ಲಿಟ್ಟರು. ನಾನು ತಲೆ ಬಗ್ಗಿಸಿಕೊಂಡೇ ಇದ್ದೆ. ಕಣ್ಣು ತುಂಬಿ ಸೂಜಿಯ ತೂತೇ ಕಾಣುತ್ತಿರಲಿಲ್ಲ, ಆದರೆ ಅದನ್ನು ಅವಳಿಗೆ ತೋರಿಸುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.